ಒಂದೇ ಕೀಲಿಯಿಂದ ಹಲವು ಒತ್ತು: ಮ್ಯಾಕ್ರೋ ಕೀಲಿಮಣೆಯ ಚಾಲನಾ ವಿಧಾನಗಳ ಕುರಿತು



ನಮ್ಮ ಪಂಚಾಯತಿಯ ಸಾಮಾನ್ಯ ಸಭೆಯೊಂದರಲ್ಲಿ ಖರ್ಚಿನ ಬಾಬ್ತುಗಳನ್ನು ಓದುತ್ತಿದ್ದಾಗ ‘ಹೆಚ್ಚುವರಿ ಕೀಲಿಮಣೆ – 1’ ಎಂಬ ನಮೂದಿನ ಬಳಿ ಹಿರಿಯ ಸದಸ್ಯರೊಬ್ಬರು ತಡೆದರು. “ಪಿಡಿಓ ಸಾಹೇಬರೇ, ಇರುವ ಕೀಲಿಮಣೆ ಕೆಟ್ಟಿಲ್ಲ. ಒಂಬತ್ತೇ ಗುಂಡಿಗಳ ಈ ಪೆಟ್ಟಿಗೆ ಏತಕ್ಕೆ? ಅದು ತಾನಾಗಿಯೇ ಬರೆಯುತ್ತದಂತೆ. ಹಾಗಾದರೆ ತಾನಾಗಿಯೇ ರಸೀದಿಯನ್ನೂ ಹಾಕಿಬಿಟ್ಟರೆ ಗತಿಯೇನು?” ಸಭೆಯಲ್ಲಿ ನಗು ಎದ್ದಿತು. ಆದರೆ ಪ್ರಶ್ನೆ ನಗುವಂತಹುದಾಗಿರಲಿಲ್ಲ. ಅಂದು ಐದು ನಿಮಿಷಗಳಲ್ಲಿ ನಾನು ನೀಡಿದ ಉತ್ತರ ಅಪೂರ್ಣವಾಗಿತ್ತು. ಇತರ ಪಂಚಾಯತಿಗಳಲ್ಲಿಯೂ ಇಂತಹ ಸಾಧನಗಳನ್ನು ಖರೀದಿಸುವ ಪ್ರಸ್ತಾವನೆಗಳು ಬರುತ್ತಿರುವುದರಿಂದ, ಆ ಉತ್ತರವನ್ನು ಇಲ್ಲಿ ವಿವರವಾಗಿ ನೀಡಲಾಗಿದೆ.

ಮ್ಯಾಕ್ರೋ ಎಂದರೇನು

ಸಾಮಾನ್ಯ ಕೀಲಿಮಣೆಯಲ್ಲಿ ಒಂದು ಕೀಲಿಗೆ ಒಂದು ಕೆಲಸ. ಬದಲಾಯಿಸಬಹುದಾದ ಕೀಲಿಮಣೆಯಲ್ಲಿ ಯಾವ ಕೀಲಿಗೆ ಯಾವ ಕೆಲಸವೆಂಬುದನ್ನು ಬಳಸುವವರೇ ನಿಗದಿಪಡಿಸಬಹುದು. ಒಂದು ಕೀಲಿಯ ಹಿಂದೆ ಹಲವಾರು ಒತ್ತುಗಳ ಸರಣಿಯನ್ನು ಜೋಡಿಸಿಟ್ಟರೆ ಆ ಸರಣಿಗೆ ಮ್ಯಾಕ್ರೋ ಎಂದು ಹೆಸರು.

ಇದರ ಅಗತ್ಯ ನಮ್ಮ ಕಚೇರಿಗಳಲ್ಲಿ ಎಷ್ಟಿದೆಯೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ನುಡಿ ತಂತ್ರಾಂಶದಲ್ಲಿ ಬಳಕೆಯಲ್ಲಿರುವ ಕೆ.ಪಿ. ರಾವ್ ಅವರ ಕೀಲಿ ವಿನ್ಯಾಸದಲ್ಲಿ ‘ಗ್ರಾಮ’ ಎಂದು ಮೂಡಿಸಲು ಜಿ, ಎಫ್, ಆರ್, ಶಿಫ್ಟ್ ಹಿಡಿದು ಎ, ನಂತರ ಎಂ – ಹೀಗೆ ಐದು ಕೀಲಿಗಳನ್ನು ಒತ್ತಬೇಕು. ‘ಗ್ರಾಮ ಪಂಚಾಯತಿ’ ಎಂಬ ಎರಡು ಪದಗಳಿಗೆ, ನಡುವಿನ ಖಾಲಿ ಜಾಗವೂ ಸೇರಿ, 13 ಒತ್ತುಗಳು. ಅವುಗಳಲ್ಲಿ ಮೂರು ಬಾರಿ ಶಿಫ್ಟ್ ಕೀಲಿಯನ್ನೂ ಹಿಡಿಯಬೇಕು. ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆ, ಪಿನ್ ಕೋಡ್ ಇವೆಲ್ಲ ಸೇರಿದ ವಿಳಾಸದ ಸಾಲನ್ನು ದಿನಕ್ಕೆ ನೂರಾರು ಬಾರಿ ಬೆರಳಚ್ಚು ಮಾಡುವ ಡಾಟಾ ಎಂಟ್ರಿ ಆಪರೇಟರ್ ಅವರ ಮಣಿಕಟ್ಟು ನೋಯದಿರುವುದು ಹೇಗೆ? ನಮ್ಮಲ್ಲಿ ಪೆಟ್ಟಿಗೆ ಕೊಂಡದ್ದು ಆ ನೋವಿನ ಕಾರಣಕ್ಕಾಗಿಯೇ ಹೊರತು ಷೋಕಿಗಾಗಿ ಅಲ್ಲ.

ಮ್ಯಾಕ್ರೋ ಎರಡು ಕಡೆಗಳಲ್ಲಿ ನೆಲೆಸಬಹುದು. ಕೆಲವು ಕೀಲಿಮಣೆಗಳಲ್ಲಿ ಅದು ಕೀಲಿಮಣೆಯ ಸ್ವಂತ ಸ್ಮೃತಿಯಲ್ಲಿ ಉಳಿಯುತ್ತದೆ. ಕ್ಯೂಎಂಕೆ ಎಂಬ ಮುಕ್ತ ತಂತ್ರಾಂಶದಿಂದ ನಡೆಯುವ ಕೀಲಿಮಣೆಗಳು ಈ ಬಗೆಯವು. ಅವುಗಳಲ್ಲಿ ಹಲವನ್ನು ವಿಯಾ ಎಂಬ ಪರದೆಯ ಮೂಲಕ ಸುಲಭವಾಗಿ ಹೊಂದಿಸಬಹುದು ಮತ್ತು ಸಾಮಾನ್ಯವಾಗಿ 16 ಮ್ಯಾಕ್ರೋಗಳಿಗೆ ಅವಕಾಶವಿರುತ್ತದೆ. ಇನ್ನು ಕೆಲವು ಕೀಲಿಮಣೆಗಳಲ್ಲಿ ಕಂಪನಿಯವರ ತಂತ್ರಾಂಶ ಗಣಕಯಂತ್ರದಲ್ಲಿ ಓಡುತ್ತಿದ್ದರೆ ಮಾತ್ರ ಮ್ಯಾಕ್ರೋ ಕೆಲಸ ಮಾಡುತ್ತದೆ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಎರಡು ಕಡೆ ಇದು ಉಪಯೋಗಕ್ಕೆ ಬರುತ್ತದೆ.

ಮೊಹರು, ಕರೆಗಂಟೆ ಮತ್ತು ಪಂಪ್‌ಸೆಟ್ ಸ್ಟಾರ್ಟರ್

ಮ್ಯಾಕ್ರೋದಲ್ಲಿ ಏನು ಬರೆದಿದೆ ಎಂಬುದನ್ನು ಎಲ್ಲರೂ ನೋಡುತ್ತಾರೆ. ಅದು ಹೇಗೆ ಆರಂಭವಾಗಿ ಯಾವಾಗ ನಿಲ್ಲುತ್ತದೆ ಎಂಬುದನ್ನು ನೋಡುವವರು ಕಡಿಮೆ. ಇದನ್ನೇ ಚಾಲನಾ ವಿಧಾನ ಎನ್ನುತ್ತಾರೆ. ಒಂದೇ ಮ್ಯಾಕ್ರೋ ಒಂದು ವಿಧಾನದಲ್ಲಿ ನಿರಪಾಯ, ಇನ್ನೊಂದರಲ್ಲಿ ಅನಾಹುತ.

ಮೊದಲನೆಯದು, ಒತ್ತಿದರೆ ಒಮ್ಮೆ. ಕಚೇರಿಯ ಮೊಹರಿನಂತೆ ಒಂದು ಒತ್ತಿಗೆ ಒಂದೇ ಗುರುತು. ಬೆರಳನ್ನು ಎಷ್ಟು ಹೊತ್ತು ಇಟ್ಟರೂ ಸರಣಿ ಒಂದು ಸಲ ಓಡಿ ನಿಲ್ಲುತ್ತದೆ. ವಿಯಾ ಮೂಲಕ ಹೊಂದಿಸಿದ ಮ್ಯಾಕ್ರೋಗಳು ಈ ರೀತಿಯಲ್ಲಿಯೇ ಓಡುತ್ತವೆ; ಬೇರೆ ವಿಧಾನ ಬೇಕಿದ್ದರೆ ಕ್ಯೂಎಂಕೆಯಲ್ಲಿ ಅದಕ್ಕಾಗಿ ಪ್ರತ್ಯೇಕವಾಗಿ ಪ್ರೋಗ್ರಾಂ ಬರೆಯಬೇಕು.

ಎರಡನೆಯದು, ಒತ್ತಿ ಹಿಡಿದಷ್ಟು ಹೊತ್ತು. ಇದು ಕರೆಗಂಟೆ. ಬೆರಳು ಇರುವವರೆಗೆ ಬಾರಿಸುತ್ತಲೇ ಇರುತ್ತದೆ. ನೋಡಲು ಸಾಧುವಾಗಿ ಕಾಣುವ ಈ ವಿಧಾನದ ವೇಗವನ್ನು ಲೆಕ್ಕ ಹಾಕಿ ನೋಡೋಣ. ಸಾಧಾರಣ ಯುಎಸ್‌ಬಿ ಕೀಲಿಮಣೆಯೊಂದನ್ನು ಗಣಕಯಂತ್ರವು ಸೆಕೆಂಡಿಗೆ 125 ಬಾರಿ ವಿಚಾರಿಸುತ್ತದೆ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ. ಒಂದು ಕೀಲಿಗೆ ‘ಒತ್ತಿದೆ’ ಎಂಬ ವರದಿ ಒಂದು, ‘ಬಿಟ್ಟಿದೆ’ ಎಂಬ ವರದಿ ಮತ್ತೊಂದು. 20 ಒತ್ತುಗಳ ಮ್ಯಾಕ್ರೋ 40 ವರದಿಗಳಾಗಿ ಸುಮಾರು ಒಂದು ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ಮುಗಿಯುತ್ತದೆ. ಆದ್ದರಿಂದ ಎದುರಿಗಿದ್ದವರೊಡನೆ ಮಾತನಾಡುತ್ತ ಬೆರಳನ್ನು ಒಂದು ಸೆಕೆಂಡ್ ತೆಗೆಯದಿದ್ದರೆ ಮೂರು ಸುತ್ತುಗಳು ಮುಗಿದು ನಾಲ್ಕನೆಯದು ಆರಂಭವಾಗಿರುತ್ತದೆ. ಆ ನಾಲ್ಕನೆಯ ಸುತ್ತು ಪೂರ್ಣಗೊಳ್ಳುವುದೋ ಅರ್ಧದಲ್ಲಿ ಕತ್ತರಿಸಿಹೋಗುವುದೋ ಎಂಬುದು ತಂತ್ರಾಂಶದಿಂದ ತಂತ್ರಾಂಶಕ್ಕೆ ಬದಲಾಗುತ್ತದೆ. ಪುಟವನ್ನು ಕೆಳಕ್ಕೆ ಸರಿಸುವುದು, ಪಟ್ಟಿಯಲ್ಲಿ ಸಾಲಿನಿಂದ ಸಾಲಿಗೆ ಇಳಿಯುವುದು ಮುಂತಾದ, ಹೆಚ್ಚಾದರೂ ನಷ್ಟವಿಲ್ಲದ ಕೆಲಸಗಳಿಗೆ ಮಾತ್ರ ಈ ವಿಧಾನ ಸರಿ.

ಮೂರನೆಯದು, ಒಮ್ಮೆ ಒತ್ತಿದರೆ ಆರಂಭ, ಮತ್ತೊಮ್ಮೆ ಒತ್ತಿದರೆ ಮುಕ್ತಾಯ. ಇದು ಪಂಪ್‌ಸೆಟ್‌ನ ಸ್ಟಾರ್ಟರ್. ಹಸಿರು ಗುಂಡಿ ಒತ್ತಿ ನೀರುಗಂಟಿ ಊಟಕ್ಕೆ ಹೋದರೆ ಮೇಲಿನ ಟ್ಯಾಂಕ್ ತುಂಬಿ ಬೀದಿಗೆ ನೀರು ಹರಿದಾಗಲೇ ಯಾರಾದರೂ ಕೂಗುವುದು. ಆ ಕೂಗು ಸದಸ್ಯರಾದ ತಮಗೇ ಮೊದಲು ಕೇಳಿಸುವುದರಿಂದ ಹೆಚ್ಚು ವಿವರಿಸಬೇಕಾಗಿಲ್ಲ. ಆದರೆ ಗಣಕಯಂತ್ರದಲ್ಲಿ ತುಂಬಿ ಹರಿಯುವುದು ಕಣ್ಣಿಗೆ ಕಾಣುವುದಿಲ್ಲ.

ನಾಲ್ಕನೆಯದು, ನಿಗದಿಪಡಿಸಿದಷ್ಟು ಬಾರಿ: 10 ಎಂದರೆ 10 ಸುತ್ತು, ನಂತರ ತಾನಾಗಿ ನಿಲುಗಡೆ. ಇವಲ್ಲದೆ ಲಾಜಿಟೆಕ್ ಕಂಪನಿಯ ಜಿ ಹಬ್ ತಂತ್ರಾಂಶದಲ್ಲಿ ಕೀಲಿಯನ್ನು ಒತ್ತುವಾಗ ಒಂದು, ಹಿಡಿದಿರುವಾಗ ಒಂದು, ಬಿಡುವಾಗ ಮತ್ತೊಂದು ಸರಣಿ ಓಡುವ ಅನುಕ್ರಮ ವಿಧಾನವೂ ಇದೆ. ಅದು ಹೆಚ್ಚಾಗಿ ಆಟವಾಡುವವರಿಗೆ ಉಪಯುಕ್ತ. ಪಂಚಾಯತಿ ಕಚೇರಿಯಲ್ಲಿ ಅದರ ಅಗತ್ಯ ನನಗೆ ಇದುವರೆಗೆ ಕಂಡುಬಂದಿಲ್ಲ.

ನನ್ನಿಂದಾದ ಒಂದು ತಪ್ಪು

ಹಿಂದೆ ನಾನು ಸೇವೆ ಸಲ್ಲಿಸುತ್ತಿದ್ದ ಪಂಚಾಯತಿಯೊಂದರಲ್ಲಿ ಮನೆ ಕಂದಾಯದ ಬೇಡಿಕೆ ಪಟ್ಟಿಯನ್ನು ಎಕ್ಸೆಲ್ ಹಾಳೆಯಲ್ಲಿ ಸಿದ್ಧಪಡಿಸುವ ಕೆಲಸವಿತ್ತು. ಬೀದಿಯ ಹೆಸರಿನ ಕಲಂ ತುಂಬಬೇಕಿತ್ತು. ಇಂಜಿನಿಯರಿಂಗ್ ಓದಿದವನೆಂಬ ಹುಮ್ಮಸ್ಸಿನಿಂದ ನಾನೇ ಒಂದು ಮ್ಯಾಕ್ರೋ ರಚಿಸಿಕೊಟ್ಟೆ: ಬೀದಿಯ ಹೆಸರು, ಎಂಟರ್, ಜೊತೆಗೆ ವಿದ್ಯುತ್ ಕೈಕೊಟ್ಟರೆ ಕೆಲಸ ಹಾಳಾಗಬಾರದೆಂದು ಪ್ರತಿ ಸಾಲಿನ ನಂತರ ಕಡತ ಉಳಿಸುವ ಕಂಟ್ರೋಲ್-ಎಸ್. ಸಾಲಿಗೆ ಒಂದು ಸೆಕೆಂಡಿನಂತೆ ವಿಳಂಬವನ್ನೂ ಇಟ್ಟಿದ್ದೆ. ಆಪರೇಟರ್ ಸಹೋದರಿ ಕೀಲಿಯನ್ನು ಒತ್ತಿ ಹಿಡಿಯುವ ಕಷ್ಟವೂ ಬೇಡವೆಂದು ಸ್ಟಾರ್ಟರ್ ವಿಧಾನವನ್ನು ಆಯ್ದುಕೊಂಡೆ. ಬೀದಿ ಮುಗಿಯುತ್ತಲೇ ಮತ್ತೊಮ್ಮೆ ಒತ್ತಿ ನಿಲ್ಲಿಸುವುದು, ಅಷ್ಟೇ.

ಮೊದಲ ಎರಡು ಬೀದಿಗಳಿಗೆ ಸೊಗಸಾಗಿ ನಡೆಯಿತು. ಮೂರನೆಯದರ ನಡುವೆ ವೃದ್ಧರೊಬ್ಬರು ಪಿಂಚಣಿ ವಿಚಾರಿಸಲು ಕಿಟಕಿಗೆ ಬಂದರು. ಅವರು ಸುಮಾರು ಆರು ನಿಮಿಷ ಮಾತನಾಡಿರಬೇಕು. ಆಕೆ ಹಿಂದಿರುಗುವಷ್ಟರಲ್ಲಿ ಒಂದೇ ಬೀದಿಯ ಹೆಸರು ಸುಮಾರು 360 ಸಾಲುಗಳಿಗೆ ಇಳಿದುಹೋಗಿತ್ತು. ಅವುಗಳಲ್ಲಿ ಬಹುಪಾಲು ಹಿಂದಿನ ವಾರವಷ್ಟೇ ಸರಿಯಾಗಿ ತುಂಬಿ ಮುಗಿಸಿದ್ದ ಬೇರೆ ಬೀದಿಗಳ ಸಾಲುಗಳು. ಎಕ್ಸೆಲ್‌ನಲ್ಲಿ ಮಾಡಿದ್ದನ್ನು ಹಿಂದಕ್ಕೆ ಪಡೆಯುವ ಸೌಲಭ್ಯವಿದೆಯಾದರೂ ಅದು ಕೊನೆಯ 100 ಕ್ರಿಯೆಗಳವರೆಗೆ ಮಾತ್ರ. ಕಡತವನ್ನು ಉಳಿಸದೆ ಮುಚ್ಚೋಣವೆಂದರೆ ಪ್ರತಿ ಸಾಲಿಗೂ ಉಳಿಸುವಂತೆ ನಾನೇ ವ್ಯವಸ್ಥೆ ಮಾಡಿದ್ದೆ. ವಿದ್ಯುತ್ತಿಗೆ ಹೆದರಿ ಹಾಕಿದ ಕಾವಲೇ ತಪ್ಪನ್ನು ಭದ್ರಪಡಿಸಿತ್ತು.

ಬಿಲ್ ಕಲೆಕ್ಟರ್ ಅವರ ಕೈಬರಹದ ವಹಿಯಿಂದಾಗಿ ಪಟ್ಟಿ ಮರಳಿ ಸಿದ್ಧವಾಯಿತು. ಎರಡು ದಿನ ಹಿಡಿಯಿತು. ಬೇಡಿಕೆ ನೋಟಿಸುಗಳು ಮುದ್ರಣಕ್ಕೆ ಹೋಗುವ ಮುನ್ನ ಇದು ಗೊತ್ತಾದದ್ದು ಅದೃಷ್ಟವೇ ಸರಿ. ಇಲ್ಲದಿದ್ದರೆ ಆ ಊರಿನ ಅರ್ಧದಷ್ಟು ಮನೆಗಳವರು ತಪ್ಪು ಬೀದಿಯ ನೋಟಿಸು ಹಿಡಿದು ತಮ್ಮಂತಹ ಸದಸ್ಯರ ಮನೆಬಾಗಿಲಿಗೆ ಬರುತ್ತಿದ್ದರು. ತಪ್ಪು ಆಪರೇಟರ್ ಅವರದಲ್ಲ. ಬೀದಿಯಲ್ಲಿ 42 ಮನೆಗಳಿದ್ದರೆ 42 ಎಂದು ನಿಗದಿಪಡಿಸುವ ನಾಲ್ಕನೆಯ ವಿಧಾನ ಇರುವಾಗ, ಮನುಷ್ಯರು ನಿಲ್ಲಿಸಲೇಬೇಕಾದ ವಿಧಾನವನ್ನು ಆಯ್ದವನು ನಾನು. ಕಿಟಕಿಗೆ ಜನ ಬರುವುದು ಪಂಚಾಯತಿ ಕಚೇರಿಯ ಸಹಜ ಸ್ಥಿತಿ. ಅದನ್ನು ಮರೆತು ಯಂತ್ರವನ್ನು ಹೊಂದಿಸಿದ್ದೆ.

ಕೀಲಿಮಣೆಗೆ ಪರದೆ ಕಾಣುವುದಿಲ್ಲ

ಸಭೆಯಲ್ಲಿ ಕೇಳಿದ ಪ್ರಶ್ನೆಯ ಇನ್ನೊಂದು ಭಾಗ ಇಲ್ಲಿದೆ. ಮ್ಯಾಕ್ರೋ ಓಡುವಾಗ ಕೀಲಿಮಣೆಗೆ ಪರದೆಯ ಮೇಲೆ ಏನಿದೆ ಎಂಬ ಅರಿವಿಲ್ಲ. ಅದು ಕಳುಹಿಸುವುದು ಅಕ್ಷರಗಳನ್ನೂ ಅಲ್ಲ, ಕೀಲಿಗಳ ಸಂಖ್ಯೆಗಳನ್ನು. ಯುಎಸ್‌ಬಿ ನಿಯಮದಂತೆ ಎ ಕೀಲಿಗೆ 4, ಎಂಟರ್ ಕೀಲಿಗೆ 40, ಟ್ಯಾಬ್ ಕೀಲಿಗೆ 43. ಆ ಸಂಖ್ಯೆಗೆ ಕನ್ನಡದ ಯಾವ ಅಕ್ಷರ ಎಂದು ನಿರ್ಧರಿಸುವುದು ಗಣಕಯಂತ್ರದಲ್ಲಿನ ನುಡಿ ಅಥವಾ ಬೇರೆ ತಂತ್ರಾಂಶ.

ಇದರ ಪರಿಣಾಮ ನೇರವಾಗಿದೆ. ನುಡಿ ಚಾಲನೆಯಲ್ಲಿರುವಾಗ ‘ಗ್ರಾಮ’ ಎಂದು ಮೂಡಿಸುವ ಅದೇ ಮ್ಯಾಕ್ರೋ, ನುಡಿ ಚಾಲನೆಯಲ್ಲಿಲ್ಲದಿದ್ದರೆ ಅರ್ಥವಿಲ್ಲದ ಐದು ಇಂಗ್ಲಿಷ್ ಅಕ್ಷರಗಳನ್ನು ಮೂಡಿಸುತ್ತದೆ. ಕೆ.ಪಿ. ರಾವ್ ವಿನ್ಯಾಸದ ಬದಲು ಇನ್‌ಸ್ಕ್ರಿಪ್ಟ್ ವಿನ್ಯಾಸವಿದ್ದರೆ ಕನ್ನಡವೇ ಬರುತ್ತದೆ, ಆದರೆ ಬೇರೇನೋ ಪದ. ಶಿಫ್ಟ್ ಕೀಲಿ ಇದ್ದರೆ ಮತ್ತು ಇಲ್ಲದಿದ್ದರೆ ಒಂದೇ ಕೀಲಿಯು ಲ ಮತ್ತು ಳ, ನ ಮತ್ತು ಣ ಎಂದು ಬೇರೆಯಾಗುವ ವಿನ್ಯಾಸವಾದ್ದರಿಂದ, ಕ್ಯಾಪ್ಸ್ ಲಾಕ್ ದೀಪ ಉರಿಯುತ್ತಿದ್ದರೆ ಇವು ಅದಲುಬದಲಾಗುವ ಸಂಭವವಿದೆ. ಊರಿನ ಹೆಸರಿನಲ್ಲಿ ‘ಹಳ್ಳಿ’ ‘ಹಲ್ಲಿ’ಯಾದರೆ ನಗೆಪಾಟಲು. ಫಲಾನುಭವಿಯ ಹೆಸರಿನಲ್ಲಿ ಹಾಗಾದರೆ ದಾಖಲೆ ಹೊಂದಿಕೆಯಾಗದೆ ಆ ವ್ಯಕ್ತಿ ಕಚೇರಿಗೆ ಅಲೆಯಬೇಕಾಗುತ್ತದೆ.

ಇನ್ನೊಂದು ತೊಡಕು ವಿಳಂಬದ್ದು. ಅಂತರ್ಜಾಲದ ಮೂಲಕ ನಡೆಯುವ ನಮ್ಮ ತಂತ್ರಾಂಶಗಳಲ್ಲಿ ಒಂದು ಆಯ್ಕೆ ಮಾಡಿದ ಮೇಲೆ ಮುಂದಿನ ಕಲಂ ತೆರೆಯಲು ಕೆಲವೊಮ್ಮೆ ಕ್ಷಣ, ಕೆಲವೊಮ್ಮೆ ಅರ್ಧ ನಿಮಿಷ. ಮನುಷ್ಯರಾದರೆ ಕಾಯುತ್ತಾರೆ. ಮ್ಯಾಕ್ರೋ ತನಗೆ ಹೇಳಿದಷ್ಟೇ ಕಾಯುತ್ತದೆ. ಪುಟ ತೆರೆಯದಿದ್ದರೂ ಉಳಿದ ಒತ್ತುಗಳನ್ನು ಎಲ್ಲಿಗೋ ಸುರಿದುಬಿಡುತ್ತದೆ. ತಂದೆಯ ಹೆಸರು ಸರ್ವೆ ನಂಬರಿನ ಕಲಮಿಗೆ ಬೀಳುವುದು ಹೀಗೆಯೇ. ವಿಳಂಬವನ್ನು ಹೆಚ್ಚಿಸಿದರೆ ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಆದ್ದರಿಂದ ಒಂದು ಕಲಮಿನೊಳಗೆ ಮುಗಿಯುವ ಮ್ಯಾಕ್ರೋ ಇರಲಿ, ಕಲಮಿನಿಂದ ಕಲಮಿಗೆ ಹಾರುವುದನ್ನು ಆಪರೇಟರ್ ಅವರೇ ಮಾಡಲಿ ಎಂಬುದು ನನ್ನ ಅಭಿಪ್ರಾಯ. ಇದರಿಂದ ವೇಗ ಸ್ವಲ್ಪ ಕುಗ್ಗುತ್ತದೆ. ಮಣಿಕಟ್ಟಿನ ನೋವು ಮಾತ್ರ ಬಹುಮಟ್ಟಿಗೆ ತಪ್ಪುತ್ತದೆ.

ಒತ್ತುಗಳನ್ನು ನೇರವಾಗಿ ದಾಖಲಿಸಿ ಮ್ಯಾಕ್ರೋ ತಯಾರಿಸುವಾಗಲೂ ಒಂದು ಎಚ್ಚರ ಬೇಕು. ಶಿಫ್ಟ್ ಒತ್ತಿದ್ದು ದಾಖಲಾಗಿ, ಬಿಟ್ಟದ್ದು ದಾಖಲಾಗುವ ಮುನ್ನವೇ ನಿಲ್ಲಿಸಿದರೆ, ಮ್ಯಾಕ್ರೋ ಮುಗಿದ ಮೇಲೂ ಶಿಫ್ಟ್ ಹಿಡಿದಂತೆಯೇ ಉಳಿಯಬಹುದು. ಕೀಲಿಮಣೆ ಕೆಟ್ಟಿದೆಯೆಂದು ಇದನ್ನೇ ಹಲವರು ಭಾವಿಸುತ್ತಾರೆ. ಶಿಫ್ಟ್ ಕೀಲಿಯನ್ನು ಒಮ್ಮೆ ಒತ್ತಿ ಬಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಯಾವುದನ್ನು ಮ್ಯಾಕ್ರೋದಲ್ಲಿ ಇಡಬಾರದು

ರಸೀದಿ ತಾನಾಗಿಯೇ ಬೀಳುವುದೇ ಎಂಬ ಪ್ರಶ್ನೆಗೆ ನೇರ ಉತ್ತರ: ನಾವು ಹಾಗೆ ಹೊಂದಿಸಿದರೆ ಬೀಳುತ್ತದೆ. ವಸೂಲಾತಿಯ ಮೊತ್ತ, ಹಾಗೂ ‘ಉಳಿಸಿ’, ‘ಸಲ್ಲಿಸಿ’, ‘ಅನುಮೋದಿಸಿ’ ಎಂಬ ಗುಂಡಿಗಳನ್ನು ಒತ್ತುವ ಕ್ರಿಯೆ ಇವು ಯಾವ ವಿಧಾನದ ಮ್ಯಾಕ್ರೋದಲ್ಲಿಯೂ ಇರಬಾರದು. ಪಂಚತಂತ್ರದಲ್ಲಿ ಕರ ಸ್ವೀಕೃತಿಯಾಗಲಿ, ಇ-ಸ್ವತ್ತಿನಲ್ಲಿ ನಮೂನೆ-9 ಮತ್ತು 11ರ ದಾಖಲೆಯಾಗಲಿ, ಪರದೆಯನ್ನು ಓದಿದ ಮನುಷ್ಯರ ಬೆರಳೇ ಕೊನೆಯ ಒತ್ತನ್ನು ಒತ್ತಬೇಕು.

ಇದಕ್ಕಿಂತಲೂ ಗಂಭೀರವಾದುದು ಗುಪ್ತಪದ. ಲಾಗಿನ್ ಗುಪ್ತಪದವನ್ನು ಒಂದು ಕೀಲಿಗೆ ಹಾಕಿಕೊಟ್ಟರೆ ಅನುಕೂಲವೆಂದು ಕೇಳುವವರಿದ್ದಾರೆ. ಕೀಲಿಮಣೆಯ ಸ್ಮೃತಿಯಲ್ಲಿ ಮ್ಯಾಕ್ರೋ ಸಾಮಾನ್ಯವಾಗಿ ಯಾವ ಬೀಗವೂ ಇಲ್ಲದೆ ಇರುತ್ತದೆ. ಆ ಪೆಟ್ಟಿಗೆಯನ್ನು ಬೇರೆ ಗಣಕಯಂತ್ರಕ್ಕೆ ಸಿಕ್ಕಿಸಿ, ಖಾಲಿ ಹಾಳೆಯೊಂದನ್ನು ತೆರೆದು ಕೀಲಿ ಒತ್ತಿದರೆ ಗುಪ್ತಪದ ಬಟ್ಟಬಯಲು. ಪೆಟ್ಟಿಗೆ ಅಂಗಿಯ ಜೇಬಿನಲ್ಲಿ ಹೋಗುವಷ್ಟು ಚಿಕ್ಕದು.

ಅಧ್ಯಕ್ಷರು ಹಾಗೂ ಪಿಡಿಓ ಅವರ ಡಿಜಿಟಲ್ ಸಹಿಯ ಪಿನ್ ವಿಷಯದಲ್ಲಂತೂ ರಿಯಾಯಿತಿಯೇ ಇಲ್ಲ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 42ನೇ ಪ್ರಕರಣದಂತೆ ಸಹಿಯ ಖಾಸಗಿ ಕೀಲಿಯನ್ನು ತನ್ನ ನಿಯಂತ್ರಣದಲ್ಲಿರಿಸಿಕೊಂಡು ಅದು ಬಹಿರಂಗವಾಗದಂತೆ ಕಾಪಾಡುವುದು ಸಹಿದಾರರ ಹೊಣೆ. ಅಧ್ಯಕ್ಷರ ಡಾಂಗಲ್ ಗಣಕಯಂತ್ರದಲ್ಲಿಯೇ ಸಿಕ್ಕಿಕೊಂಡಿದ್ದು, ಪಿನ್ ಒಂದು ಕೀಲಿಯಲ್ಲಿದ್ದರೆ, ಅಧ್ಯಕ್ಷರು ಊರಿನಲ್ಲಿ ಇಲ್ಲದ ದಿನವೂ ಅವರ ಸಹಿ ಬೀಳಬಲ್ಲದು. ಎರಡು ಸಹಿಗಳ ವ್ಯವಸ್ಥೆ ಇರುವುದೇ ಒಬ್ಬರನ್ನೊಬ್ಬರು ನೋಡಲೆಂದು. ಡಿಜಿಟಲ್ ಸಹಿಯ ಡಾಂಗಲ್ ಎಲ್ಲಿದೆ, ಪಿನ್ ಯಾರಿಗೆ ತಿಳಿದಿದೆ ಎಂದು ಮಾನ್ಯ ಅಧ್ಯಕ್ಷರು ಈ ಲೇಖನ ಓದಿದ ದಿನವೇ ಒಮ್ಮೆ ಪರಿಶೀಲಿಸಿಕೊಳ್ಳುವುದು ಒಳಿತು. ಮ್ಯಾಕ್ರೋ ಕೀಲಿಮಣೆ ಇಲ್ಲದ ಕಚೇರಿಗಳಲ್ಲಿಯೂ ಇದು ಅನ್ವಯಿಸುತ್ತದೆ.

ಖರೀದಿಯ ಪ್ರಸ್ತಾವನೆ ಬಂದಾಗ

ಸದಸ್ಯರು ತಾಂತ್ರಿಕ ವಿವರಗಳಿಗೆ ಇಳಿಯಬೇಕಾಗಿಲ್ಲ. ಮ್ಯಾಕ್ರೋ ಕೀಲಿಮಣೆಯೊಳಗೆ ಉಳಿಯುತ್ತದೆಯೇ, ಗಣಕಯಂತ್ರದಲ್ಲಿ ಪ್ರತ್ಯೇಕ ತಂತ್ರಾಂಶ ಸದಾ ಓಡಬೇಕೇ ಎಂದು ಕೇಳಬಹುದು. ಮೊದಲನೆಯದಾದರೆ ಕಚೇರಿಯ ಗಣಕಯಂತ್ರಕ್ಕೆ ಹೊರಗಿನ ತಂತ್ರಾಂಶ ಸೇರಿಸುವ ಪ್ರಮೇಯ ಕಡಿಮೆ. ಪೂರ್ಣ ಕೀಲಿಮಣೆಯನ್ನೇ ಬದಲಿಸುವುದಾದರೆ ಅದರಲ್ಲಿ ಸ್ಕ್ರಾಲ್ ಲಾಕ್ ಕೀಲಿ ಇದೆಯೇ ಎಂದು ವಿಚಾರಿಸಬೇಕು. ನುಡಿಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ನಡುವೆ ಬದಲಾಗಲು ಅದನ್ನೇ ಬಳಸುವ ರೂಢಿಯಿದ್ದು, ಚಿಕ್ಕ ಕೀಲಿಮಣೆಗಳಲ್ಲಿ ಅದನ್ನು ಕೈಬಿಟ್ಟಿರುತ್ತಾರೆ. ಬದಲಾಯಿಸಬಹುದಾದ ಕೀಲಿಮಣೆಯಾದರೆ ಬೇರೊಂದು ಕೀಲಿಗೆ ಆ ಕೆಲಸ ವಹಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಕೀಲಿಗೆ ಯಾವ ಚಾಲನಾ ವಿಧಾನವೆಂದು ಬರೆದ ಪಟ್ಟಿಯನ್ನು ಕೇಳಿ ಪಡೆಯಬೇಕು. ಪಟ್ಟಿ ಕೊಡಲಾಗದಿದ್ದರೆ, ಹೊಂದಿಸಿದವರಿಗೇ ಅದು ತಿಳಿದಿಲ್ಲವೆಂದು ಅರ್ಥ.

ನಮ್ಮ ಕಚೇರಿಯ ಒಂಬತ್ತು ಕೀಲಿಗಳಲ್ಲಿ ಈಗ ಏಳು ‘ಒತ್ತಿದರೆ ಒಮ್ಮೆ’ ವಿಧಾನದವು: ವಿಳಾಸ, ಪಂಚಾಯತಿಯ ಹೆಸರು, ಐದು ಗ್ರಾಮಗಳ ಹೆಸರು. ಒಂದು ಕೀಲಿ ಪಟ್ಟಿಯಲ್ಲಿ ಕೆಳಕ್ಕೆ ಇಳಿಯಲು, ಹಿಡಿದಷ್ಟು ಹೊತ್ತು. ಒಂದನ್ನು ಖಾಲಿ ಬಿಡಲಾಗಿದೆ. ಸ್ಟಾರ್ಟರ್ ವಿಧಾನ ಯಾವುದಕ್ಕೂ ಇಲ್ಲ. ಪಟ್ಟಿಯನ್ನು ಮುದ್ರಿಸಿ ಮೇಜಿಗೆ ಅಂಟಿಸಲಾಗಿದ್ದು, ಅದರ ಕೆಳಗೆ ಆಪರೇಟರ್ ಅವರೇ ಕೆಂಪು ಶಾಯಿಯಲ್ಲಿ ಒಂದು ಸಾಲು ಸೇರಿಸಿದ್ದಾರೆ: “ನಿಲ್ಲದಿದ್ದರೆ ತಂತಿ ಕೀಳಿ.” ಕೀಲಿಮಣೆಯೊಳಗೇ ಇರುವ ಮ್ಯಾಕ್ರೋಗೆ ಇದು ಸಾಕು. ಗಣಕಯಂತ್ರದ ತಂತ್ರಾಂಶದಿಂದ ಓಡುವ ಮ್ಯಾಕ್ರೋ ಆಗಿದ್ದರೆ ತಂತಿ ಕಿತ್ತರೂ ನಿಲ್ಲದಿರಬಹುದು. ಆಗ ಆ ತಂತ್ರಾಂಶವನ್ನೇ ಮುಚ್ಚಬೇಕು.